ಕಾಮಗಾರಿಯ ಯೋಜಕರಿಗೆ ಎಂಥ ತರಬೇತಿ ಬೇಕು?



ಮನೆ ಕಟ್ಟಿಸಿದವರಿಗೆಲ್ಲ ಒಂದು ಅನುಭವ ಇದ್ದೇ ಇರುತ್ತದೆ. ಗಾರೆಯವರು ಬಂದ ದಿನ ಮರಳು ಬಂದಿರುವುದಿಲ್ಲ; ಮರಳು ಬಂದ ದಿನ ಗಾರೆಯವರು ಬೇರೊಂದು ಮನೆಯಲ್ಲಿರುತ್ತಾರೆ. ಗೋಡೆಗೆ ಗಿಲಾವು ಮುಗಿದ ಮೇಲೆ ವೈರಿಂಗಿನವರು ಬಂದು ಅದನ್ನು ಒಡೆಯುತ್ತಾರೆ. ಹತ್ತು ಮಂದಿ ದುಡಿಯುವಲ್ಲಿಯೇ ಹೀಗಾದರೆ, ಸಾವಿರಾರು ಮಂದಿ ದುಡಿಯುವ ಅಣೆಕಟ್ಟು, ರೈಲುಮಾರ್ಗ, ಮೇಲ್ಸೇತುವೆಗಳಲ್ಲಿ ಏನಾಗಬಹುದು? ಯಾವ ಕೆಲಸ ಮೊದಲು, ಯಾವುದು ಆಮೇಲೆ, ಯಾವ ಸಾಮಗ್ರಿ ಎಂದು ಬರಬೇಕು, ಯಾವ ಯಂತ್ರ ಎಲ್ಲಿರಬೇಕು ಎಂಬುದನ್ನು ಮುಂಚಿತವಾಗಿ ಗೊತ್ತುಪಡಿಸಲೆಂದೇ ಅಲ್ಲಿ ಎಂಜಿನಿಯರುಗಳಿರುತ್ತಾರೆ. ಅವರನ್ನು ನಾವು ಯೋಜಕರು ಎಂದು ಕರೆಯೋಣ. ಇಂಥ ಯೋಜಕರನ್ನು ತಯಾರು ಮಾಡುವುದು ಹೇಗೆ ಎಂಬುದೇ ಇಂದಿನ ವಿಷಯ.

ಈ ವಿದ್ಯೆ ತೀರಾ ಹಳೆಯದೇನಲ್ಲ. ಒಂದೊಂದು ಕೆಲಸಕ್ಕೂ ಒಂದೊಂದು ಅಡ್ಡಪಟ್ಟಿ ಎಳೆದು ದಿನಗಳನ್ನು ತೋರಿಸುವ ನಕ್ಷೆಯನ್ನು ಅಮೆರಿಕದ ಹೆನ್ರಿ ಗ್ಯಾಂಟ್ ಎಂಬ ಎಂಜಿನಿಯರ್ 1910ರ ದಶಕದಲ್ಲಿ ಬಳಕೆಗೆ ತಂದರು. ಯಾವ ಕೆಲಸ ಯಾವುದನ್ನು ಕಾಯುತ್ತಿದೆ ಎಂಬುದು ಈ ಪಟ್ಟಿಗಳಲ್ಲಿ ಸ್ಪಷ್ಟವಾಗುತ್ತಿರಲಿಲ್ಲ. 1957ರಲ್ಲಿ ಡ್ಯುಪಾಂಟ್ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್ ಕಂಪನಿಯ ಜೇಮ್ಸ್ ಕೆಲ್ಲಿ ಅವರು 'ಕ್ರಿಟಿಕಲ್ ಪಾತ್' ವಿಧಾನವನ್ನು ರೂಪಿಸಿದ ಮೇಲೆ ಆ ಕೊರತೆ ನೀಗಿತು. ಮರುವರ್ಷವೇ ಅಮೆರಿಕದ ನೌಕಾಪಡೆ ತನ್ನ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ 'ಪರ್ಟ್' ಎಂಬ ಇಂಥದೇ ವಿಧಾನವನ್ನು ಸಿದ್ಧಪಡಿಸಿತು.

ಈ ವಿಧಾನದ ತಿರುಳನ್ನು ಒಂದು ಸಣ್ಣ ಸೇತುವೆಯ ಲೆಕ್ಕದಿಂದ ತಿಳಿಯಬಹುದು. ತಳಪಾಯ ಮತ್ತು ಕಂಬಗಳಿಗೆ 60 ದಿನ ಬೇಕು ಎನ್ನೋಣ. ಅದೇ ಹೊತ್ತಿನಲ್ಲಿ ಪಕ್ಕದ ಅಂಗಳದಲ್ಲಿ ತೊಲೆಗಳನ್ನು ಎರಕ ಹೊಯ್ದು ಹದಗೊಳಿಸಲು 45 ದಿನ. ಎರಡೂ ಮುಗಿದ ಮೇಲೆ ತೊಲೆಗಳನ್ನು ಎತ್ತಿ ಕೂರಿಸಲು 10 ದಿನ. ಮೇಲಿನ ಹಾಸಿಗೆ 20 ದಿನ. ಒಟ್ಟು 90 ದಿನ. ಇಲ್ಲಿ ತೊಲೆಗಳ ಕೆಲಸ 10 ದಿನ ತಡವಾದರೆ ಸೇತುವೆ ತಡವಾಗುವುದಿಲ್ಲ, ಏಕೆಂದರೆ ಅದಕ್ಕೆ 15 ದಿನಗಳ ಬಿಡುವಿದೆ. ತಳಪಾಯ ಒಂದೇ ದಿನ ತಡವಾದರೂ ಸೇತುವೆ ಒಂದು ದಿನ ತಡವಾಗುತ್ತದೆ. ಬಿಡುವಿಲ್ಲದ ಈ ಸರಣಿಯೇ ಕ್ರಿಟಿಕಲ್ ಪಾತ್. ಗಮನವೆಲ್ಲ ಅದರ ಮೇಲಿರಬೇಕು.

ಇಷ್ಟನ್ನು ಯಾವ ಬುದ್ಧಿವಂತ ವಿದ್ಯಾರ್ಥಿಯೂ ಒಂದು ಮಧ್ಯಾಹ್ನದಲ್ಲಿ ಕಲಿಯಬಲ್ಲ. ಸಾವಿರಾರು ಕೆಲಸಗಳಿದ್ದರೆ ಲೆಕ್ಕ ಮಾಡಲು ಪ್ರೈಮವೇರಾದಂಥ ಕಂಪ್ಯೂಟರ್ ವ್ಯವಸ್ಥೆಗಳಿವೆ. ಆದರೆ ಈಗ ಒಂದು ಪ್ರಶ್ನೆ ಕೇಳಿ. ತಳಪಾಯದ ಕೆಲಸಕ್ಕೂ ಕ್ರೇನ್ ಬೇಕು, ತೊಲೆಯ ಅಂಗಳಕ್ಕೂ ಬೇಕು. ಇರುವುದು ಒಂದೇ ಕ್ರೇನ್. ನಕ್ಷೆಯಲ್ಲಿ ಜೊತೆಜೊತೆಯಾಗಿ ಸಾಗಿದ ಎರಡು ಕೆಲಸಗಳು ನೆಲದ ಮೇಲೆ ಒಂದರ ಹಿಂದೆ ಒಂದು ನಿಲ್ಲುತ್ತವೆ. 60 ದಿನ ಎಂಬ ಅಂಕಿ ಎಲ್ಲಿಂದ ಬಂತು? ಆ ಅರವತ್ತು ದಿನದಲ್ಲಿ ಮಳೆ ಎಷ್ಟು ದಿನ? ಇದಕ್ಕೆ ಉತ್ತರ ಕಂಪ್ಯೂಟರಿನಲ್ಲಿಲ್ಲ. ತರಬೇತಿಯ ನಿಜವಾದ ಕೆಲಸ ಇಲ್ಲಿಂದ ಆರಂಭವಾಗುತ್ತದೆ.

ಕೆಲವು ವರ್ಷಗಳ ಹಿಂದೆ ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆಂದು ನಾನು ಒಂದು ಸೇತುವೆಯ ಕಾಮಗಾರಿಗೆ ಹೋಗಿದ್ದೆ. ಕಚೇರಿಯ ಗೋಡೆಯ ತುಂಬ ಬಣ್ಣಬಣ್ಣದ ನಕ್ಷೆ. ಅದರ ಪ್ರಕಾರ ಅಂದು ಒಂದು ಕಂಬದ ತಲೆಗೆ ಕಾಂಕ್ರೀಟ್ ಬೀಳಬೇಕಿತ್ತು. ಸ್ಥಳಕ್ಕೆ ಹೋದರೆ ಕೆಲಸಗಾರರು ನೆರಳಿನಲ್ಲಿ ಕುಳಿತಿದ್ದರು. ಕಾರಣ ಕೇಳಿದಾಗ ಮೇಸ್ತ್ರಿ ಹೇಳಿದರು: "ಹದಿನಾರು ಎಂ.ಎಂ. ಕಂಬಿ ಬೇಕಾಗಿತ್ತು ಸಾರ್, ಹನ್ನೆರಡು ಬಂದಿದೆ. ಶುಕ್ರವಾರವೇ ನೋಡಿದೆ. ನಮ್ಮನ್ನು ಯಾರೂ ಕೇಳಲಿಲ್ಲ." ನಕ್ಷೆ ಬರೆದ ಯುವಕ ಶ್ರದ್ಧಾವಂತ. ಕಂಪ್ಯೂಟರಿನ ತರಬೇತಿಯನ್ನು ಚೆನ್ನಾಗಿ ಪಡೆದಿದ್ದ. ಆದರೆ ಮೇಸ್ತ್ರಿಯೊಡನೆ ಕುಳಿತು ಮಾತನಾಡುವುದು ತನ್ನ ಕೆಲಸದ ಭಾಗ ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇದು ನಮ್ಮಲ್ಲಿ ಮಾತ್ರ ಇರುವ ದೋಷವಲ್ಲ. 1990ರ ದಶಕದಲ್ಲಿ ಅಮೆರಿಕದ ಗ್ಲೆನ್ ಬಲಾರ್ಡ್ ಮತ್ತು ಗ್ರೆಗ್ ಹೋವೆಲ್ ಕಾಮಗಾರಿಗಳ ವಾರದ ಯೋಜನೆಗಳನ್ನು ಪರಿಶೀಲಿಸಿದರು. ಈ ವಾರ ಮುಗಿಸುತ್ತೇವೆಂದು ಒಪ್ಪಿಕೊಂಡ ಕೆಲಸಗಳಲ್ಲಿ ಮುಗಿಯುತ್ತಿದ್ದುದು ಸುಮಾರು ಅರ್ಧದಷ್ಟು ಮಾತ್ರ. ಅವರು ರೂಪಿಸಿದ ಪದ್ಧತಿಯ ಹೆಸರು 'ಲಾಸ್ಟ್ ಪ್ಲಾನರ್', ಅಂದರೆ ಕೊನೆಯ ಯೋಜಕ. ಆ ಕೊನೆಯ ಯೋಜಕ ಕಚೇರಿಯಲ್ಲಿರುವವರಲ್ಲ. ನಾಳೆ ಬೆಳಿಗ್ಗೆ ಯಾರು ಏನು ಮಾಡಬೇಕೆಂದು ಹೇಳುವ ಮೇಸ್ತ್ರಿ ಅಥವಾ ಮೇಲ್ವಿಚಾರಕ. ಮುಂದಿನ ಕೆಲವು ವಾರಗಳ ಕೆಲಸವನ್ನು ಅವರ ಮುಂದಿಟ್ಟು, ಇದಕ್ಕೆ ಅಡ್ಡಿ ಏನು ಎಂದು ಕೇಳಬೇಕು. ಅಡ್ಡಿ ನಿವಾರಣೆಯಾದ ಕೆಲಸವನ್ನು ಮಾತ್ರ ವಾರದ ಪಟ್ಟಿಗೆ ಸೇರಿಸಬೇಕು. ವಾರದ ಕೊನೆಗೆ ಎಷ್ಟು ಮುಗಿಯಿತು, ಉಳಿದದ್ದು ಏಕೆ ಉಳಿಯಿತು ಎಂದು ಬರೆದಿಡಬೇಕು. ಯಾರನ್ನೋ ಹಿಡಿದು ಬೈಯಲು ಅಲ್ಲ, ಕಾರಣ ಮರುಕಳಿಸದಿರಲಿ ಎಂದು.

ನೆಲದ ಮಾತನ್ನು ಕೇಳಲೇಬೇಕಾದ ದೊಡ್ಡ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಮಂಗಳೂರಿನಿಂದ ಮಹಾರಾಷ್ಟ್ರದ ರೋಹದವರೆಗೆ ಸುಮಾರು 760 ಕಿಲೋಮೀಟರ್ ಉದ್ದದ ಕೊಂಕಣ ರೈಲುಮಾರ್ಗದಲ್ಲಿ ಎರಡು ಸಾವಿರದಷ್ಟು ಸೇತುವೆಗಳು, ತೊಂಬತ್ತಕ್ಕೂ ಹೆಚ್ಚು ಸುರಂಗಗಳು ಇವೆ. ಹೊನ್ನಾವರದ ಬಳಿ ಶರಾವತಿಯ ಮೇಲಿನ ಸೇತುವೆಯೊಂದೇ ಎರಡು ಕಿಲೋಮೀಟರಿಗಿಂತ ಉದ್ದ. 1990ರಲ್ಲಿ ನಿಗಮ ಸ್ಥಾಪನೆಯಾದಾಗ ಗುರಿ ಇದ್ದುದು ಐದು ವರ್ಷ. ಇ. ಶ್ರೀಧರನ್ ಅವರ ನೇತೃತ್ವದಲ್ಲಿ ಇಡೀ ಮಾರ್ಗವನ್ನು ಏಳು ವಿಭಾಗಗಳಾಗಿ ಹಂಚಿ, ಪ್ರತಿಯೊಂದಕ್ಕೂ ಒಬ್ಬ ಮುಖ್ಯ ಎಂಜಿನಿಯರನ್ನು ಸ್ಥಳದಲ್ಲೇ ನೇಮಿಸಿ, ನಿರ್ಧಾರಗಳು ಅಲ್ಲೇ ಆಗುವಂತೆ ಮಾಡಲಾಯಿತು. ಗಟ್ಟಿ ಬಂಡೆಯನ್ನು ಕೊರೆಯಲು ಸ್ವೀಡನ್ನಿನಿಂದ ಯಂತ್ರಗಳು ಬಂದವು. ಆದರೆ ಬಂಡೆಗಿಂತ ಹೆಚ್ಚು ಕಾಡಿದ್ದು ಮೆತ್ತನೆಯ ಮಣ್ಣು. ಗೋವೆಯ ಪೆರ್ನೆಮ್ ಸುರಂಗ ಒಂದೂವರೆ ಕಿಲೋಮೀಟರಿನಷ್ಟು ಮಾತ್ರ. ನೀರು ತುಂಬಿದ ಜೇಡಿಮಣ್ಣು ಮತ್ತೆ ಮತ್ತೆ ಕುಸಿದು ಅದಕ್ಕೇ ವರ್ಷಗಳು ಹಿಡಿದವು. ಪೂರ್ಣ ಮಾರ್ಗ ತೆರೆದದ್ದು 1998ರ ಜನವರಿಯಲ್ಲಿ. ಅಂಥ ಬೆಟ್ಟಗಾಡಿನಲ್ಲಿ ಅದು ದೊಡ್ಡ ಸಾಧನೆಯೇ. ಆದರೂ ಯೋಜಕರು ಅದರಿಂದ ಕಲಿಯಬೇಕಾದ ಪಾಠವಿದೆ: ಅಂಕಿಯ ಕೆಳಗೆ ಮಣ್ಣು ಇರುತ್ತದೆ. ಆ ಮಣ್ಣು ಬೇರೆಯೆಂದು ತಿಳಿದ ದಿನವೇ ಅಂಕಿಯನ್ನು ತಿದ್ದಬೇಕು.

ತಿದ್ದದಿದ್ದರೆ ಏನಾಗುತ್ತದೆ? ತಡವೊಂದೇ ಆಗಿದ್ದರೆ ಸಹಿಸಬಹುದಿತ್ತು. ಹಿಂದೆ ಬಿದ್ದ ಕೆಲಸವನ್ನು ಉದ್ಘಾಟನೆಯ ದಿನಕ್ಕೆ ಹೊಂದಿಸಲು ಹೊರಟಾಗ ಎಲ್ಲರ ಕಣ್ಣು ಬೀಳುವುದು ಕಾಯುವ ದಿನಗಳ ಮೇಲೆ. ಕಾಂಕ್ರೀಟನ್ನು ಹೊತ್ತು ನಿಂತ ಸೆಂಟ್ರಿಂಗಿನ ಆಸರೆಗಳನ್ನು ಎಂದು ತೆಗೆಯಬೇಕು ಎಂಬುದಕ್ಕೆ ಐ.ಎಸ್. 456 ಎಂಬ ಭಾರತೀಯ ಮಾನಕದ 2000ದ ಆವೃತ್ತಿಯಲ್ಲಿ ಸ್ಪಷ್ಟ ಸೂಚನೆಯಿದೆ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟು ಬಳಸಿ, ಚೆನ್ನಾಗಿ ನೀರುಣಿಸಿದ್ದರೆ, ನಾಲ್ಕೂವರೆ ಮೀಟರ್‌ವರೆಗಿನ ಅಂತರದ ಚಾವಣಿಗೆ 7 ದಿನ, ಅದಕ್ಕೂ ಮೀರಿದರೆ 14 ದಿನ. ಆರು ಮೀಟರ್‌ವರೆಗಿನ ತೊಲೆಗೆ 14 ದಿನ, ಮೀರಿದರೆ 21 ದಿನ. ಸಿಮೆಂಟಿಗೂ ನೀರಿಗೂ ನಡೆಯುವ ರಾಸಾಯನಿಕ ಕ್ರಿಯೆ ಮಂತ್ರಿಗಳ ಪ್ರವಾಸ ಪಟ್ಟಿಯನ್ನು ನೋಡಿ ನಡೆಯುವುದಿಲ್ಲ. ಹದಿನಾಲ್ಕು ದಿನ ಕಾಯಬೇಕಾದ ಕಡೆ ನಕ್ಷೆಯಲ್ಲಿ ಎಂಟು ದಿನ ಎಂದು ಬರೆದವರು ಸಮಯವನ್ನು ಉಳಿಸಲಿಲ್ಲ. ಕೆಳಗೆ ಕೆಲಸ ಮಾಡುವವರ ಪ್ರಾಣವನ್ನು ಪಣಕ್ಕಿಟ್ಟರು. ಕೊಂಕಣ ಮಾರ್ಗದ ನಿರ್ಮಾಣದಲ್ಲಿ ಮಡಿದ ಶ್ರಮಿಕರಿಗಾಗಿ ರತ್ನಾಗಿರಿಯಲ್ಲಿ ಒಂದು ಸ್ಮಾರಕವಿದೆ. ಯೋಜಕರಾಗುವವರು ಒಮ್ಮೆಯಾದರೂ ಅಂಥ ಸ್ಮಾರಕದ ಮುಂದೆ ನಿಂತು ಬರಬೇಕು.

ಹಾಗಾದರೆ ತರಬೇತಿ ಹೇಗಿರಬೇಕು? ನಿರ್ಮಾಣ ನಿರ್ವಹಣೆಯನ್ನೇ ಕಲಿಸುವ ನಿಕ್ಮಾರ್‌ನಂಥ ಸಂಸ್ಥೆಗಳು ನಮ್ಮಲ್ಲಿ 1980ರ ದಶಕದಿಂದಲೇ ಇವೆ. ತರಗತಿಯ ಪಾಠ ಬೇಕು. ಅದರ ಜೊತೆಗೆ ಮೂರು ಸಂಗತಿಗಳು ಸೇರಬೇಕು ಎಂದು ನನಗೆ ತೋರುತ್ತದೆ.

ಮೊದಲನೆಯದು, ಕೈಯಲ್ಲೊಂದು ನೋಟ್‌ಪುಸ್ತಕ ಹಿಡಿದು ಸ್ಥಳದಲ್ಲಿ ಕಳೆಯುವ ತಿಂಗಳುಗಳು. ಕಂಬಿ ಕಟ್ಟುವ ಒಂದು ತಂಡ ದಿನಕ್ಕೆ ಎಷ್ಟು ಕಟ್ಟುತ್ತದೆ, ಮಳೆ ಬಂದ ದಿನ ಎಷ್ಟು, ಹಬ್ಬಕ್ಕೆ ಊರಿಗೆ ಹೋದವರು ಎಂದು ಮರಳುತ್ತಾರೆ ಎಂಬುದನ್ನು ಕಣ್ಣಾರೆ ಕಂಡು ಬರೆದುಕೊಳ್ಳಬೇಕು. ಆಗ ನಕ್ಷೆಯ ಅಂಕಿ ಅವರ ಸ್ವಂತ ಅಂಕಿಯಾಗುತ್ತದೆ. ಎರಡನೆಯದು, ಮೇಸ್ತ್ರಿಗಳನ್ನೂ ಉಪಗುತ್ತಿಗೆದಾರರನ್ನೂ ಕೂರಿಸಿಕೊಂಡು ವಾರದ ಸಭೆ ನಡೆಸುವ ಅಭ್ಯಾಸ. ಅಲ್ಲಿ ಕಡಿಮೆ ಮಾತನಾಡಿ ಹೆಚ್ಚು ಕೇಳುವುದನ್ನು ಕಲಿಸಬೇಕು. ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು: ಮೇಲಧಿಕಾರಿಯ ಮುಂದೆ ನಿಂತು "ಆ ದಿನಕ್ಕೆ ಇದು ಆಗುವುದಿಲ್ಲ ಸಾರ್, ಕಾರಣ ಇದು" ಎಂದು ಹೇಳುವ ಧೈರ್ಯ. ಇದನ್ನು ಪಠ್ಯಕ್ರಮದಲ್ಲಿ ಸೇರಿಸುವುದು ಸುಲಭವಲ್ಲ ನಿಜ. ಆದರೆ ಹಾಗೆ ಹೇಳಿದವರನ್ನು ಗದರಿಸದೆ ಕೇಳುವ ಅಧಿಕಾರಿಗಳಿದ್ದರೆ ಆ ಧೈರ್ಯ ತಾನಾಗಿ ಬರುತ್ತದೆ. ಎಂದರೆ ಯೋಜಕರ ಜೊತೆಗೆ ಅವರ ಮೇಲಧಿಕಾರಿಗಳಿಗೂ ಒಂದಿಷ್ಟು ತರಬೇತಿ ಬೇಕು.

ನಿಮ್ಮ ಊರಿನಲ್ಲಿ ಸೇತುವೆಯೋ ಆಸ್ಪತ್ರೆಯೋ ಎದ್ದು ನಿಲ್ಲುತ್ತಿದ್ದರೆ, ಎಂದು ಮುಗಿಯುತ್ತದೆ ಎಂದು ನಾವೆಲ್ಲ ಕೇಳುತ್ತೇವೆ. ಕೇಳಬೇಕಾದದ್ದೇ. ಅದರ ಜೊತೆಗೆ, ಆ ದಿನವನ್ನು ಗೊತ್ತುಮಾಡುವ ಮುನ್ನ ಕೆಲಸ ಮಾಡುವವರನ್ನು ಕೇಳಿದ್ದೀರಾ ಎಂದೂ ಕೇಳೋಣ. ಒಳ್ಳೆಯ ಯೋಜಕರ ಬಳಿ ಅದಕ್ಕೆ ಉತ್ತರ ಸಿದ್ಧವಾಗಿರುತ್ತದೆ.