ಬಾನುಲಿಯೂ ಊರ ಗಡಿಯಾರವೂ



ಕೊಪ್ಪ ಸೀಮೆಯ ಬಸರೀಕಟ್ಟೆಯಲ್ಲಿ ನಡುಹಗಲಾಗುವುದು ಯಾವಾಗ? ಹನ್ನೆರಡು ಗಂಟೆಗೆಂದು ನಾವೆಲ್ಲರೂ ಉತ್ತರಿಸುವೆವು. ಸೂರ್ಯನಾದರೋ ಅದನ್ನು ಒಪ್ಪುವುದಿಲ್ಲ. 1906ರಲ್ಲಿ ಜಾರಿಗೆ ಬಂದ ಭಾರತೀಯ ಕಾಲಮಾನಕ್ಕೆ ಆಧಾರವಾದುದು 82½ ಡಿಗ್ರಿ ಪೂರ್ವ ರೇಖಾಂಶ. ಬಸರೀಕಟ್ಟೆಯು ಅದಕ್ಕೆ ಏಳು ಡಿಗ್ರಿಗೂ ಮಿಗಿಲಾಗಿ ಪಶ್ಚಿಮದಲ್ಲಿರುವುದು. ಡಿಗ್ರಿಯೊಂದಕ್ಕೆ ನಾಲ್ಕು ನಿಮಿಷದಂತೆ ಎಣಿಸಿದರೆ, ಅಲ್ಲಿನ ಸೂರ್ಯನು ಗಡಿಯಾರಕ್ಕಿಂತ ಅರ್ಧ ಗಂಟೆಯಷ್ಟು ಹಿಂದೆ. ಈ ಅಂತರವೂ ಸ್ಥಿರವಲ್ಲ: ನವೆಂಬರ್ ಆದಿಯಲ್ಲಿ ಅಲ್ಲಿ ನಡುಹಗಲು ಸುಮಾರು 12-12ಕ್ಕೆ, ಫೆಬ್ರವರಿಯ ನಡುವೆ ಸುಮಾರು 12-43ಕ್ಕೆ. ಇನ್ನು ಮಲೆನಾಡಿನ ಮಳೆಗಾಲದಲ್ಲಿ ಸೂರ್ಯದರ್ಶನವೇ ದುರ್ಲಭ.

ಹಾಗಾದರೆ ಇಂತಹ ಊರಿನ ಗಡಿಯಾರವನ್ನು ತಿದ್ದುವವರು ಯಾರು? ರೈಲು ನಿಲ್ದಾಣಗಳಿಗೆ ತಂತಿಯ ಮೂಲಕ ವೇಳೆಯು ಬರುತ್ತಿದ್ದಿತು. ರೈಲುದಾರಿಯಿಲ್ಲದ ಘಟ್ಟದ ಊರುಗಳಿಗೆ ಆ ಸೌಕರ್ಯವೆಲ್ಲಿ?

ಈ ಕೊರತೆಯನ್ನು ನೀಗುವ ಶಕ್ತಿ ನಿಸ್ತಂತುವಿಗೆ ಇದ್ದಿತು. 1910ರಲ್ಲಿ ಪ್ಯಾರಿಸ್ಸಿನ ಐಫೆಲ್ ಗೋಪುರವು ಕಾಲಸಂಜ್ಞೆಗಳನ್ನು ಕಳುಹತೊಡಗಿತು. ನಡುಗಡಲಿನ ನಾವಿಕರು ಅವುಗಳಿಂದ ತಮ್ಮ ಗಡಿಯಾರಗಳನ್ನು ತಿದ್ದಿಕೊಂಡು ರೇಖಾಂಶವನ್ನು ಗುಣಿಸುತ್ತಿದ್ದರು. 1924ರ ಫೆಬ್ರವರಿ 5ರಂದು ಬಿ.ಬಿ.ಸಿ.ಯು ಗ್ರೀನಿಚ್ ವೇಧಶಾಲೆಯ ಆರು ಕಿರುದನಿಗಳನ್ನು ಪ್ರಸಾರಮಾಡಲಾರಂಭಿಸಿತು. ಕಡೆಯ ದನಿಯೇ ಸರಿಯಾದ ಗಂಟೆ. ನಾವಿಕರ ಸೊತ್ತಾಗಿದ್ದ ವೇಳೆಯು ಹೀಗೆ ಮನೆಮನೆಯನ್ನೂ ಹೊಕ್ಕಿತು. ಮೈಸೂರು ಸಂಸ್ಥಾನದಲ್ಲಿ ಬಾನುಲಿಯು ಮೊದಲು ನುಡಿದುದು 1935ರ ಸೆಪ್ಟೆಂಬರ್ 10ರಂದು, ಎಂ. ವಿ. ಗೋಪಾಲಸ್ವಾಮಿಯವರ ಮನೆಯಿಂದ.

ಇದರ ವೇಗವನ್ನು ಹೀಗೆ ಊಹಿಸಬಹುದು. ಮೈಸೂರಿನ ದೊಡ್ಡ ಗಡಿಯಾರವು 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತೋತ್ಸವದ ನೆನಪಿಗಾಗಿ ಎದ್ದುದು. ಅದರ ಗಂಟೆಯ ನಾದವು ಬಸರೀಕಟ್ಟೆಯವರೆಗೂ ಕೇಳುವುದೆಂದೇ ಭಾವಿಸೋಣ. ಅಲ್ಲಿಗೆ ತಲುಪಲು ಅದಕ್ಕೆ ಎಂಟೊಂಬತ್ತು ನಿಮಿಷ ಬೇಕು. ಬಾನುಲಿಯ ಅಲೆಗಾದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲೂ ಬೇಡ. ಮೋಡವಾಗಲಿ ಮಳೆಯಾಗಲಿ ಅದನ್ನು ತಡೆಯಲಾರದು.

ಇಂದು ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಪರಮಾಣು ಗಡಿಯಾರಗಳು ದೇಶದ ವೇಳೆಯನ್ನು ಕಾಯುತ್ತಿವೆ. ಉಪಗ್ರಹಗಳೂ ಕಾಲವನ್ನು ಸಾರುತ್ತಿವೆ. ಆದರೂ ಒಂದು ಎಚ್ಚರಿಕೆ ಅವಶ್ಯ: ಅಂತರ್ಜಾಲದ ಮೂಲಕ ಕೇಳುವ ಬಾನುಲಿಯು ಹಲವು ಸೆಕೆಂಡು ತಡವಾಗಿ ನುಡಿಯುವುದುಂಟು. ಅದರಿಂದ ಗಡಿಯಾರವನ್ನು ತಿದ್ದಬಾರದು.

ಕೈಗಡಿಯಾರವು ತಪ್ಪಿದರೆ ಕೆಡುವುದು ಒಬ್ಬನ ಕೆಲಸ. ಊರ ಗಡಿಯಾರವು ತಪ್ಪಿದರೆ ಅದನ್ನು ನಂಬಿದ ರೋಗಿಗೆ ಆಸ್ಪತ್ರೆಯ ಬಸ್ಸು ತಪ್ಪುವುದು, ವಿದ್ಯಾರ್ಥಿಗೆ ಪರೀಕ್ಷೆ ತಪ್ಪುವುದು. ಸಂಜ್ಞೆಯು ಬೆಟ್ಟಗಳನ್ನು ದಾಟಿ ಬಂದರೆ ಸಾಲದು. ಅದನ್ನು ಕೇಳಿ, ಏಣಿ ಹತ್ತಿ, ಮುಳ್ಳನ್ನು ತಿರುಗಿಸುವವರು ಊರಿನಲ್ಲಿ ಒಬ್ಬರಾದರೂ ಇರಬೇಕು. ಆ ಕಾರ್ಯವನ್ನು ಯಾವ ಅಲೆಯೂ ನಮಗಾಗಿ ಮಾಡಿಕೊಡದು.