ಆನೆಯ ದಾರಿಯೂ ಸೋಲಿಗರ ಹಕ್ಕೂ

(ಗಿರಣಿ ಕಾರ್ಮಿಕರೂ ಪೇಟೆಯ ಚಿಲ್ಲರೆ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ಅಕ್ಕಿಯ ಬೆಲೆ ಇವುಗಳನ್ನು ಕುರಿತು ಮಾತಾಡಬೇಕಾದ ಸಭೆಯಲ್ಲಿ ಈ ಮೇಷ್ಟರು ಆನೆಯ ಕಥೆ ಏಕೆ ತೆಗೆದರು ಎಂದು ತಮಗೆ ಅನ್ನಿಸಬಹುದು. ಸ್ವಲ್ಪ ಸಾವಧಾನದಿಂದ ಕೇಳಬೇಕೆಂದು ಬೇಡುತ್ತೇನೆ. ಇದು ಆನೆಯ ಕಥೆಯಷ್ಟೇ ಅಲ್ಲ. ಯಾರನ್ನು ಕೇಳಿ ಯಾರ ಬದುಕನ್ನು ತೀರ್ಮಾನಿಸುತ್ತಾರೆ ಎಂಬ ಪ್ರಶ್ನೆಯೂ ಹೌದು.

ನಾನು ಕೊಳ್ಳೇಗಾಲದ ಕಡೆ ಕಾಡಂಚಿನ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ರಾಗಿ ತೆನೆ ಬಲಿಯುವ ಕಾಲದಲ್ಲಿ ಒಬ್ಬ ಹುಡುಗ ದಿನವೂ ತೂಕಡಿಸುತ್ತಿದ್ದ. ಒಂದು ದಿನ ಸಿಟ್ಟು ಬಂದು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ಸಂಜೆ ಅವನ ತಂದೆ ಬಂದರು. "ಮೇಷ್ಟ್ರೇ, ರಾತ್ರಿಯೆಲ್ಲ ನನ್ನ ಜೊತೆ ಅಟ್ಟಣೆ ಮೇಲೆ ಕೂತು ಆನೆ ಕಾಯ್ತಾನೆ. ಇಬ್ಬರಿಲ್ಲದೆ ಹೊಲ ಉಳಿಯಾಕಿಲ್ಲ" ಎಂದರು. ಅಂದು ನನಗಾದ ನಾಚಿಕೆ ಇನ್ನೂ ಹೋಗಿಲ್ಲ. ಆ ಹುಡುಗನ ನಿದ್ದೆ ಕೆಡಿಸಿದವರು ಯಾರು? ಆನೆಯೇ? ಆನೆಗೆ ತನ್ನ ಹಳೆಯ ದಾರಿ ಮಾತ್ರ ಗೊತ್ತು. ಆ ದಾರಿಯಲ್ಲಿ ಹೊಲವೆದ್ದಿದೆ, ರಸ್ತೆಯೆದ್ದಿದೆ ಎಂಬುದು ಅದಕ್ಕೆ ಗೊತ್ತಿಲ್ಲ.

ದೊಡ್ಡ ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು, ನೂರು ಲೀಟರಿಗೂ ಮಿಕ್ಕಿ ನೀರು ಬೇಕು. ಒಂದೇ ಕಾಡಿನಲ್ಲಿ ವರ್ಷಪೂರ್ತಿ ಇದು ಸಿಗದು. ಮಳೆಯನ್ನೂ ಮೇವನ್ನೂ ಅನುಸರಿಸಿ ಒಂದು ಕಾಡಿನಿಂದ ಇನ್ನೊಂದಕ್ಕೆ ಅದು ನಡೆಯಲೇಬೇಕು. ಎರಡು ಕಾಡುಗಳ ನಡುವೆ ಉಳಿದಿರುವ ಇಕ್ಕಟ್ಟಾದ ದಾರಿಯನ್ನೇ ಕಾರಿಡಾರ್ ಎನ್ನುತ್ತಾರೆ. 2023ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ವರದಿಯ ಪ್ರಕಾರ ದೇಶದ 15 ರಾಜ್ಯಗಳಲ್ಲಿ ಇಂಥ 150 ಆನೆದಾರಿಗಳಿವೆ. ಅದೇ ವರ್ಷದ ಗಣತಿಯಲ್ಲಿ ನಮ್ಮ ರಾಜ್ಯದ ಆನೆಗಳ ಸಂಖ್ಯೆ 6,395. ದಾರಿ ಮುಚ್ಚಿದರೆ ಇಷ್ಟು ಜೀವಗಳು ಹೋಗುವುದೆಲ್ಲಿಗೆ? ಬಡವನ ಹೊಲಕ್ಕೇ.

ಬಿಳಿಗಿರಿರಂಗನ ಬೆಟ್ಟದ ಕಾಡಿಗೂ ಮಲೆಮಹದೇಶ್ವರ ಬೆಟ್ಟದ ಕಾಡಿಗೂ ನಡುವೆ ಎಡಯಾರಹಳ್ಳಿ–ದೊಡ್ಡಸಂಪಿಗೆ ಎಂಬ ಆನೆದಾರಿಯಿದೆ. ಅಲ್ಲಿ ಸುಮಾರು 25 ಎಕರೆ ಹಿಡುವಳಿ ಜಮೀನನ್ನು ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಎಂಬ ಸಂಸ್ಥೆ ಬೆಲೆ ಕೊಟ್ಟು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತು. ಪೊಲೀಸರನ್ನು ಕಳಿಸಿ ಎಬ್ಬಿಸಿದ್ದಲ್ಲ. ಬೆಲೆ ಕೊಟ್ಟು ಕೊಂಡದ್ದು. ಇದು ಒಳ್ಳೆಯ ಕೆಲಸ. ಆದರೆ ಎಲ್ಲ ದಾರಿಗಳನ್ನೂ ಹಣ ಕೊಟ್ಟು ಕೊಳ್ಳಲಾಗುವುದಿಲ್ಲ. ಕೊಂಡದ್ದನ್ನು ಕಾಯುವುದಕ್ಕೂ ಅಲ್ಲಿಯೇ ಬಾಳುವ ಜನ ಬೇಕು.

ಆ ಜನ ಯಾರು? ಸೋಲಿಗರು. ದೊಡ್ಡಸಂಪಿಗೆ ಎಂದರೆ ಅವರು ದೇವರೆಂದು ಪೂಜಿಸುವ ಹಿರಿಯ ಸಂಪಿಗೆ ಮರ. ಕಾಡಿನಲ್ಲಿ ಅವರ ದೇವರ ಎಡೆಗಳಿವೆ, ಹಿರಿಯರನ್ನು ನೆನೆಯುವ ಕಲ್ಲುಗುಡಿಗಳಿವೆ. 1974ರಲ್ಲಿ ಬೆಟ್ಟ ವನ್ಯಧಾಮವಾದಾಗ ಇವರ ಬೇಸಾಯವೂ ಬೇಟೆಯೂ ನಿಂತವು. ಕಾಡಿನೊಳಗಿನ ಅನೇಕ ಪೋಡುಗಳನ್ನು ಅಂಚಿಗೆ ತಂದರು. ಉಳಿದದ್ದು ಜೇನು, ನೆಲ್ಲಿ, ಸೀಗೆ, ಪಾಚಿ. ಅದನ್ನು ಅವರು ತಮ್ಮ ಲ್ಯಾಂಪ್ಸ್ ಸಹಕಾರ ಸಂಘಗಳ ಮೂಲಕ ಮಾರಿ ಬದುಕುತ್ತಿದ್ದರು. ವನ್ಯಜೀವಿ ಕಾಯಿದೆಗೆ ತಂದ ತಿದ್ದುಪಡಿಯನ್ನು ಮುಂದಿಟ್ಟು ಕೆಲವು ವರ್ಷಗಳ ಬಳಿಕ ಅದಕ್ಕೂ ತಡೆಯೊಡ್ಡಿದರು. ಗಿರಣಿಯ ಬಾಗಿಲಿಗೆ ಬೀಗ ಬಿದ್ದ ದಿನ ಹೇಗಿರುತ್ತದೆಂದು ಬಲ್ಲ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜನರನ್ನು ದೂರವಿಟ್ಟದ್ದರಿಂದ ಕಾಡಾದರೂ ಉದ್ಧಾರವಾಯಿತೇ? ಸೋಲಿಗರು ಬೇಸಗೆಯ ಮೊದಲಲ್ಲಿ ನೆಲದ ಒಣ ಎಲೆಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ಅದಕ್ಕೆ ತರಗು ಬೆಂಕಿ ಎಂದು ಹೆಸರು. ಬೆಂಕಿಯೆಂದರೆ ನಾಶ ಎಂದು ಇಲಾಖೆ ಅದನ್ನು ನಿಲ್ಲಿಸಿತು. ಈಚೆಗೆ ಕಾಡಿನ ತುಂಬ ಲಂಟಾನ ಹಬ್ಬಿ ಹುಲ್ಲು ಕಾಣೆಯಾಗಿದೆ. ನೆಲ್ಲಿ ಮರಗಳಿಗೆ ಬಂದಳಿಕೆ ಹತ್ತಿದೆ. ತರಗು ಬೆಂಕಿ ನಿಂತದ್ದೇ ಇದಕ್ಕೆ ಕಾರಣವೆಂದು ಸೋಲಿಗರ ಹಿರಿಯರು ಮೊದಲಿನಿಂದಲೂ ಹೇಳುತ್ತಿದ್ದರು. ಅವರ ಮಾತಿನಲ್ಲಿ ಹುರುಳಿದೆಯೆಂದು ವಿಜ್ಞಾನಿಗಳೂ ಆಮೇಲೆ ಬರೆದರು. ಹುಲ್ಲಿಲ್ಲದ ಕಾಡಿನಿಂದ ಆನೆ ಹೊಲಕ್ಕಿಳಿಯದೆ ಇನ್ನೇನು ಮಾಡೀತು?

2006ರ ಅರಣ್ಯ ಹಕ್ಕು ಕಾಯಿದೆ ಈ ಅನ್ಯಾಯವನ್ನು ಒಪ್ಪಿಕೊಂಡಿತು. ಕಾಡನ್ನು ಬಳಸುವ ಹಕ್ಕಿನ ಜೊತೆಗೆ ಕಾಪಾಡುವ, ನಿರ್ವಹಿಸುವ ಅಧಿಕಾರವನ್ನೂ ಅದು ಗ್ರಾಮಸಭೆಗೆ ಕೊಡುತ್ತದೆ. ವನ್ಯಜೀವಿಗಳ ಹೆಸರಿನಲ್ಲಿ ಎಬ್ಬಿಸಬೇಕಾದರೂ ಗ್ರಾಮಸಭೆಯ ಲಿಖಿತ ಒಪ್ಪಿಗೆ ಬೇಕು. ಸೋಲಿಗರ ಸಂಘ ವರ್ಷಗಟ್ಟಲೆ ಹೋರಾಡಿತು. 2011ರ ಜನವರಿಯಲ್ಲಿ ಬೆಟ್ಟ ಹುಲಿ ರಕ್ಷಿತಾರಣ್ಯವಾಯಿತು. ಅದೇ ವರ್ಷ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಹುಲಿ ರಕ್ಷಿತಾರಣ್ಯದೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಇದು ಯಾರೋ ಕೊಟ್ಟ ದಾನವಲ್ಲ, ಸಂಘಟನೆಯ ಫಲ.

ಹಾಗೆಂದು ಕೆಲಸ ಮುಗಿಯಲಿಲ್ಲ. ಹಕ್ಕುಪತ್ರ ಪೆಟ್ಟಿಗೆಯಲ್ಲಿದ್ದರೆ ಸಾಲದು. ಬೀಡಿನ ಯೋಜನೆ ಬರೆಯುವ ಮೇಜಿನ ಬಳಿ ಸೋಲಿಗನಿಗೂ ಕುರ್ಚಿ ಬೇಕು. ಲಂಟಾನ ಕೀಳುವ ಕೆಲಸವನ್ನು ಗುತ್ತಿಗೆದಾರನಿಗೆ ಕೊಡುವ ಬದಲು ಗ್ರಾಮಸಭೆಗೆ ಕೊಡಲಿ. ಮಹದೇಶ್ವರ ಬೆಟ್ಟದ ಸೋಲಿಗರು ಅದೇ ಲಂಟಾನದ ಕಡ್ಡಿಯಿಂದ ಕುರ್ಚಿ, ಬುಟ್ಟಿ ಹೆಣೆದು ಮಾರಿ ತೋರಿಸಿದ್ದಾರೆ. ದಾರಿಯ ಪಕ್ಕದ ರೈತನಿಗೆ ಬೆಳೆನಷ್ಟದ ಹಣ ಮುಂದಿನ ಬಿತ್ತನೆಗೆ ಮೊದಲೇ ಕೈಸೇರಲಿ. ಆನೆ ಎಲ್ಲರ ಆಸ್ತಿಯೆಂದ ಮೇಲೆ ಅದರ ಖರ್ಚು ಒಬ್ಬನ ರಾಗಿಯಿಂದ ಹೋಗುವುದು ಯಾವ ನ್ಯಾಯ?

ಇಲ್ಲಿ ಕುಳಿತ ವ್ಯಾಪಾರಿ ಮಿತ್ರರಿಗೆ ಒಂದು ಮಾತು. ನಿಮ್ಮ ಅಂಗಡಿಯ ಜೇನು, ಸೀಗೆ ಎಲ್ಲಿಂದ ಬಂತೆಂದು ಕೇಳಿ. ಆದಷ್ಟು ಸೋಲಿಗರ ಸಂಘದಿಂದ ನೇರವಾಗಿ ಕೊಳ್ಳಿ. ಕಾರ್ಮಿಕ ಮಿತ್ರರಿಗೆ ಇನ್ನೊಂದು ಮಾತು. ಕಾಡು ಉಳಿಯಬೇಕಾದರೆ ಕಾಡಿನವರು ಹೊರಗೆ ಹೋಗಬೇಕು ಎಂದು ಯಾರಾದರೂ ವಾದಿಸಿದರೆ ಸುಮ್ಮನಿರಬೇಡಿ. ಗಿರಣಿ ಉಳಿಯಬೇಕಾದರೆ ಕಾರ್ಮಿಕ ಹೊರಗೆ ಹೋಗಬೇಕು ಎಂದು ನಮಗೂ ಹೇಳಿದವರಿದ್ದಾರೆ.

ಆನೆಗೆ ದಾರಿ ಬಿಡೋಣ. ಆದರೆ ಆ ದಾರಿ ಎಲ್ಲಿ, ಹೇಗೆ ಎಂಬುದನ್ನು ಅಲ್ಲಿ ಬಾಳುವವರ ಜೊತೆ ಕುಳಿತು ತೀರ್ಮಾನಿಸೋಣ. ಆಗ ಆ ಹುಡುಗ ರಾತ್ರಿ ಮನೆಯಲ್ಲಿ ಮಲಗಿಯಾನು, ಹಗಲು ಪಾಠ ಕೇಳಿಯಾನು.