ಪೇಟೆಯಲ್ಲಿ ಕೇಳಿದ ತಾಯ್ನುಡಿ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಕಾಠ್ಮಂಡುವಿಗೆ ಹೋಗಿಬಂದ ಕನ್ನಡಿಗರು ಪಶುಪತಿನಾಥನ ಸನ್ನಿಧಿಯಲ್ಲಿರುವ ಕರ್ನಾಟಕದ ಅರ್ಚಕರ ವಿಷಯವನ್ನು ಅಭಿಮಾನದಿಂದ ಹೇಳುವುದುಂಟು. ಅದು ಸಹಜವೇ. ನಾನಾದರೋ ಅದೇ ಊರಿನ ಬೌದ್ಧ ಕ್ಷೇತ್ರಗಳಲ್ಲಿಯೂ ಪೇಟೆಯಲ್ಲಿಯೂ ಕುಟುಂಬಸಮೇತ ಕಳೆದ ಒಂದು ದಿನದ ವಿಷಯವಾಗಿ ನಾಲ್ಕು ಮಾತು ಅರಿಕೆ ಮಾಡಬೇಕೆಂದಿದ್ದೇನೆ.

ಬೆಳಗ್ಗೆ ಸ್ವಯಂಭೂ ಗುಡ್ಡವನ್ನು ಹತ್ತಿದೆವು. 365 ಮೆಟ್ಟಿಲು, ದಾರಿಯುದ್ದಕ್ಕೂ ಮಂಗಗಳ ಕಾಟ. ಮೇಲೆ ಬಿಳಿಯ ಸ್ತೂಪ; ಅದರ ನಾಲ್ಕು ಮುಖಗಳಲ್ಲೂ ಬುದ್ಧನ ಕಣ್ಣುಗಳು. ಮೂಗಿನಂತೆ ಕಾಣುವ ಗೆರೆ ಅವರ ಲಿಪಿಯ ‘ಒಂದು’ ಎಂಬ ಅಂಕಿ. ಪಕ್ಕದಲ್ಲೇ ಮಕ್ಕಳನ್ನು ಕಾಯುವ ಹಾರೀತಿ ದೇವಿಯ ಗುಡಿ. ಹಿಂದೂಗಳೂ ಬೌದ್ಧರೂ ಅಲ್ಲಿ ಒಂದೇ ಬಾಗಿಲಲ್ಲಿ ಕಾದು ನಿಲ್ಲುತ್ತಾರೆ.

ಅಲ್ಲಿಂದ ಬೌದ್ಧನಾಥಕ್ಕೆ ಹೋದೆವು. ಸುಮಾರು 36 ಮೀಟರ್ ಎತ್ತರದ ಈ ಮಹಾಸ್ತೂಪದ ಶಿಖರವು 2015ರ ಭೂಕಂಪದಲ್ಲಿ ಜಖಂಗೊಂಡಿತ್ತು. 2016ರಲ್ಲಿ ದುರಸ್ತಿ ಮುಗಿಯಿತು. ಟಿಬೆಟಿನ ವೃದ್ಧೆಯರು ಜಪಮಾಲೆ ಹಿಡಿದು ಪ್ರದಕ್ಷಿಣೆ ಬರುತ್ತಿದ್ದರು. ಅವರೊಡನೆ ನಾವೂ ಒಂದು ಸುತ್ತು ಬಂದೆವು.

ಮಧ್ಯಾಹ್ನದ ಮೇಲೆ ಅಸನ್ ಪೇಟೆ. ಆರು ಬೀದಿಗಳು ಕೂಡುವ ಈ ಚೌಕವು ಹಿಂದೆ ಭಾರತಕ್ಕೂ ಟಿಬೆಟಿಗೂ ನಡುವಣ ವ್ಯಾಪಾರದ ದಾರಿಯಲ್ಲಿತ್ತು. ನಡುವೆ ಅನ್ನಪೂರ್ಣೆಯ ಗುಡಿ. ಸುತ್ತಲೂ ಅಕ್ಕಿ, ಮಸಾಲೆ, ಹಿತ್ತಾಳೆ ಪಾತ್ರೆಗಳ ಅಂಗಡಿಗಳು. ನಮ್ಮ 100 ರೂಪಾಯಿಗೆ ಅಲ್ಲಿ 160 ರೂಪಾಯಿ. 1993ರಿಂದಲೂ ಇದೇ ದರ. ಬ್ಯಾಂಕಿನ ಗುಮಾಸ್ತನಿಗೆ ಇಂತಹ ಲೆಕ್ಕ ಬಹಳ ಹಿಡಿಸುತ್ತದೆ!

ನನ್ನಾಕೆ ಒಂದು ದೀಪದ ಬೆಲೆ ಕೇಳಿದಳು. ಅಂಗಡಿಯವರು ನಮ್ಮೊಡನೆ ಹಿಂದಿಯಲ್ಲಿಯೂ, ಇನ್ನೊಬ್ಬ ಗಿರಾಕಿಯೊಡನೆ ನೇಪಾಳಿಯಲ್ಲಿಯೂ, ತೂಕ ಮಾಡುತ್ತಿದ್ದ ಮಗನೊಡನೆ ಮೂರನೆಯದೊಂದು ಭಾಷೆಯಲ್ಲಿಯೂ ಮಾತನಾಡಿದರು. ವಿಚಾರಿಸಲಾಗಿ, ಅದು ನೇವಾರರ ತಾಯ್ನುಡಿಯೆಂದೂ, ‘ನೇಪಾಳ ಭಾಷೆ’ ಎಂದು ಅದರ ಹೆಸರೆಂದೂ, ನೇಪಾಳಿಯೇ ಬೇರೆಯೆಂದೂ ತಿಳಿಸಿದರು.

ಈ ಭಾಷೆ ಸುಲಭವಾಗಿ ಉಳಿದುದಲ್ಲ. ರಾಣಾ ಮನೆತನದ ಆಡಳಿತ ಅದನ್ನು ಅದುಮಿಟ್ಟಿತ್ತು. ಲ್ಹಾಸಾದೊಡನೆ ವ್ಯಾಪಾರ ಮಾಡುತ್ತಿದ್ದ ಮನೆತನದ ಕವಿ ಚಿತ್ತಧರ ಹೃದಯರು, ‘ತಾಯಿ’ ಎಂಬ ಅರ್ಥದ ಹೆಸರಿನ ಕವಿತೆ ಬರೆದುದಕ್ಕಾಗಿ 1941ರಲ್ಲಿ ಸೆರೆಮನೆ ಸೇರಿದರು. ಅಲ್ಲಿಯೇ ಗುಟ್ಟಾಗಿ ಬುದ್ಧನ ಜೀವನವನ್ನು ಕುರಿತು ‘ಸುಗತ ಸೌರಭ’ವೆಂಬ ಮಹಾಕಾವ್ಯ ರಚಿಸಿದರು. 1949ರಲ್ಲಿ ಅದು ಅಚ್ಚಾಯಿತು. ಬೆಳಗ್ಗೆ ಸ್ತೂಪದಲ್ಲಿ ಕಂಡ ಬುದ್ಧನೂ, ಸಂಜೆ ಪೇಟೆಯಲ್ಲಿ ಕೇಳಿದ ಮಾತೂ ಆ ಸೆರೆಮನೆಯಲ್ಲಿ ಒಂದಾಗಿದ್ದವು.

ಮಹನೀಯರೆ, ಮುಂಬಯಿಯಲ್ಲಿ ನಮ್ಮ ಕನ್ನಡಕ್ಕೆ ಯಾರೂ ಸೆರೆಮನೆ ತೋರಿಸಿಲ್ಲ. ಆದರೂ ಅನೇಕ ಮನೆಗಳಲ್ಲಿ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಆ ಅಂಗಡಿಯವರು ಮಗನಿಗೆ ಭಾಷೆಯ ಪಾಠ ಹೇಳುತ್ತಿರಲಿಲ್ಲ, ತೂಕ ಹೇಳುತ್ತಿದ್ದರು. ನಾವೂ ಕನ್ನಡಕ್ಕೆ ದಿನದ ಕೆಲಸ ಕೊಡೋಣ. ಮಾಟುಂಗದ ಪೇಟೆಗೆ ಹೊರಟಾಗ ಸಾಮಾನಿನ ಪಟ್ಟಿಯನ್ನು ಮಕ್ಕಳ ಕೈಯಿಂದಲೇ ಕನ್ನಡದಲ್ಲಿ ಬರೆಸೋಣ. ಚಿಲ್ಲರೆ ಎಣಿಸುವುದೂ ಕನ್ನಡದಲ್ಲಿಯೇ ಆಗಲಿ.

ಎರಡು ವರ್ಷಕ್ಕೂ ಹೆಚ್ಚು ಕಾಲ ವ್ಯವಹಾರ ನಡೆಯದ ಖಾತೆಯನ್ನು ನಾವು ಬ್ಯಾಂಕಿನಲ್ಲಿ ನಿಷ್ಕ್ರಿಯವೆಂದು ಗುರುತು ಹಾಕುತ್ತೇವೆ. ಉಳಿತಾಯ ಖಾತೆಯಾದರೆ ಆಗಲೂ ಬಡ್ಡಿ ಸೇರುತ್ತಿರುತ್ತದೆ. ಭಾಷೆಗೆ ಆ ಅನುಕೂಲವಿಲ್ಲ. ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಮಾತ್ರ ತೆಗೆದು ನೋಡಿದರೆ ಅಸಲೇ ಕರಗಿರುತ್ತದೆ.